ಎಲ್ಲಿಗೆ ಎಂದು ಕೇಳದ ಮನೆ

ಅಡುಗೆಮನೆಯ ನೆಲದ ಮೇಲೆ ನಾಲ್ಕು ಮಣೆಗಳಿದ್ದವು. ಗೋಡೆಗೆ ಬೆನ್ನು ಕೊಟ್ಟು ತಾತ, ಅವರ ಎದುರಿಗೆ ಅಪ್ಪ, ಅಪ್ಪನ ಎಡಕ್ಕೆ ನಾನು. ಒಲೆಯ ಪಕ್ಕದ ಮಣೆ ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ಅಮ್ಮನದು. ಸಾರನ್ನ ಮುಗಿದು ಮಜ್ಜಿಗೆ ಅನ್ನ ಕಲಸುವ ಹೊತ್ತಿಗೆ ಅಪ್ಪ ನನ್ನ ಕಡೆ ತಿರುಗಿ, ಇವತ್ತು ಯಾರು ಬಂದಿದ್ದರು ಎಂದು ಕೇಳುತ್ತಿದ್ದರು. ಆಟ ಶುರುವಾಗುತ್ತಿದ್ದದ್ದು ಹಾಗೆ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಒಂದು ಮಾತನ್ನು ಬೇಕಿಲ್ಲದ ಕಡೆ ಬಳಸಿದರೆ ಅವರಿಗೆ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗೆ ಆಗುತ್ತಿತ್ತು. ಅವರ ಜೊತೆಯ ಮೇಷ್ಟ್ರೊಬ್ಬರು ಪ್ರತಿ ವಾಕ್ಯದ ಕೊನೆಯಲ್ಲೂ ‘ಅರ್ಥವಾಯ್ತಲ್ಲ?’ ಎನ್ನುತ್ತಿದ್ದರು. ಮಳೆ ಬರೋ ಹಾಗಿದೆ, ಅರ್ಥವಾಯ್ತಲ್ಲ? ಹಾಲಿನವರು ಏನು ಕೇಳಿದರೂ ‘ನಮ್ದೇನಿದೆ ಬುಡಿ ಸಾರ್’ ಎಂದೇ ಬಾಯಿ ತೆರೆಯುತ್ತಿದ್ದರು. ಅಮ್ಮನ ಸೋದರತ್ತೆ ‘ನಾನ್ಯಾಕೆ ಹೇಳ್ಲಿ’ ಎಂದು ಮೂರು ಸಲ ಹೇಳಿ, ಆಮೇಲೆ ಎಲ್ಲವನ್ನೂ ಹೇಳುತ್ತಿದ್ದರು. ಇವರೆಲ್ಲ ನನ್ನ ಬಾಯಲ್ಲಿದ್ದರು. ಕತ್ತು ಎಷ್ಟು ಓರೆ ಮಾಡಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಲ್ಲ ಗೊತ್ತಿತ್ತು. ಅಪ್ಪ ನಗುವಾಗ ಸದ್ದು ಬರುತ್ತಿರಲಿಲ್ಲ. ಎಡಗೈಯನ್ನು ನೆಲಕ್ಕೆ ಊರಿ, ಬಲಗೈಯನ್ನು ತಟ್ಟೆಯಲ್ಲೇ ಇಟ್ಟುಕೊಂಡು, ಭುಜ ಮಾತ್ರ ಕುಲುಕಿಸುತ್ತಿದ್ದರು. ಲೆಕ್ಕದಲ್ಲಿ ನಾನು ದಡ್ಡಿ. ಅವರು ನನ್ನಿಂದ ಸಂತೋಷಪಟ್ಟದ್ದನ್ನು ನಾನು ನೋಡಿದ್ದು ಈ ಹೊತ್ತಿನಲ್ಲಿ ಮಾತ್ರ. ತಾತ ಎಲ್ಲರೂ ನಕ್ಕು ಮುಗಿಸಿದ ಮೇಲೆ ನಗುತ್ತಿದ್ದರು. ಅಮ್ಮ ನಗುತ್ತಿರಲಿಲ್ಲ.

“ಸಾಕು ಏಳಿ, ಕೈ ಒಣಗ್ತಿದೆ. ಬೇರೆಯವರ ಬಾಯಿ ಕಟ್ಕೊಂಡು ನಮಗೇನಾಗ್ಬೇಕು?”

“ಅಯ್ಯೋ, ಇವಳು ಕಟ್ಕೊಂಡಿಲ್ಲ ಕಣೇ, ಬಿಚ್ಚಿ ತೋರಿಸ್ತಿದಾಳೆ. ವಸು, ಎದುರುಮನೆಯೋರದ್ದು ಒಂದ್ಸಲ ಮಾಡು.”

ಎದುರುಮನೆಯವರದ್ದನ್ನು ಯಾವಾಗಲೂ ಕೊನೆಗೆ ಇಟ್ಟುಕೊಳ್ಳುತ್ತಿದ್ದೆವು. ಅವರ ಹೆಸರು ಚಿಕ್ಕತಾಯಮ್ಮ. ವರುಣಾ ಕಡೆಯ ಹಳ್ಳಿಯಿಂದ ಬಂದವರು. ಗಂಡ ಸಿಟಿ ಬಸ್ಸಿನ ಡ್ರೈವರು, ಮಗಳು ರತ್ನ ನನಗಿಂತ ಮೂರು ವರ್ಷ ಚಿಕ್ಕವಳು. ನಮ್ಮ ಗೇಟಿನಿಂದ ಅವರ ಮನೆಯ ಮೆಟ್ಟಿಲಿಗೆ, ಆಗಿನ ನನ್ನ ಕಾಲಿನಲ್ಲಿ, ಹನ್ನೊಂದು ಹೆಜ್ಜೆ. ಬೆಳಿಗ್ಗೆ ಕೆಲಸ ಮುಗಿಸಿ ಅವರು ಆ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಕೂರುತ್ತಿದ್ದರು. ಅಕ್ಕಿಯ ಕಲ್ಲು ಆರಿಸುವುದೋ, ಕಾಲ ಬಂದಾಗ ಅವರೆಕಾಯಿ ಸುಲಿಯುವುದೋ ಏನಾದರೂ ಇರುತ್ತಿತ್ತು. ಕೈ ನಿಲ್ಲಿಸದೆ, ಬೀದಿಯಲ್ಲಿ ಹೊರಟ ಪ್ರತಿಯೊಬ್ಬರನ್ನೂ ಕೇಳುತ್ತಿದ್ದರು.

“ಎಲ್ಗೆ ಒಂಟ್ರಿ?”

ಕೊಡ ಹಿಡಿದು ನಲ್ಲಿಗೆ ಹೋಗುತ್ತಿರುವವರನ್ನೂ ಕೇಳುತ್ತಿದ್ದರು. ಕೊಡ ಕಾಣುವುದಿಲ್ಲವೇ ಎಂದು ನಮಗೆ ರೇಗುತ್ತಿತ್ತು. ‘ಹೊರಟ್ರಿ’ ಎನ್ನಲು ಅವರಿಗೆ ಬರುತ್ತಿರಲಿಲ್ಲ ಎಂಬುದು ಅಪ್ಪನಿಗೆ ಇನ್ನೊಂದು ಕಿರಿಕಿರಿ. ಎಲ್ಲಕ್ಕಿಂತ ದೊಡ್ಡದು ಆ ಪ್ರಶ್ನೆಯೇ. ಮನೆಯಿಂದ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಆಗುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಬಂದ ನಂಬಿಕೆ. ತಿಳಿದುಕೊಳ್ಳಲೇಬೇಕಾದರೆ ‘ದೂರಾನಾ?’ ಎಂದು ಕೇಳಬಹುದಿತ್ತು. ಅದೂ ಹೊಸಿಲು ದಾಟುವ ಮೊದಲು. ದಾಟಿದ ಮೇಲೆ ಯಾರಾದರೂ ಎಲ್ಲಿಗೆ ಎಂದರೆ ವಾಪಸು ಬಂದು, ಪಡಸಾಲೆಯ ಬೆಂಚಿನ ಮೇಲೆ ಕೂತು, ಒಂದು ಗುಟುಕು ನೀರು ಕುಡಿದು, ಹೊಸದಾಗಿ ಹೊರಡಬೇಕು. ಗಣಿತದ ಮೇಷ್ಟ್ರಾದ ಅಪ್ಪನೂ ಇದನ್ನು ಪಾಲಿಸುತ್ತಿದ್ದರು. ಕೊಡೆ ಹಿಡಿದು ಗೇಟು ತೆರೆಯುವುದು, ಎದುರಿನಿಂದ ಆ ಮಾತು ಬರುವುದು, ಅಪ್ಪ ಹಲ್ಲು ಕಚ್ಚಿ ‘ಇಲ್ಲೇ’ ಎಂದು ಹಿಂದಕ್ಕೆ ತಿರುಗುವುದು, ಅಮ್ಮ ನೀರಿನ ಲೋಟ ಹಿಡಿದು ಕಾಯುವುದು ವಾರದಲ್ಲಿ ಎರಡು ಮೂರು ದಿನವಾದರೂ ನಡೆಯುತ್ತಿತ್ತು. ಬಸ್ಸು ತಪ್ಪುತ್ತಿತ್ತು. ಆ ಯಮ್ಮನಿಗೆ ಒಂದು ಮಾತು ಹೇಳಬಾರದೇ ಎಂದು ಅಮ್ಮ ಅಂದರೆ, ಬೀದಿಯಲ್ಲಿ ನಿಂತು ಹೆಂಗಸರ ಜೊತೆ ಏನು ಹೇಳುವುದು ಎಂದು ಅಪ್ಪ ಅನ್ನುತ್ತಿದ್ದರು. ಹೇಳಬೇಕು ಎಂಬುದು ಅಪ್ಪನ ಮನಸ್ಸಿನಲ್ಲಿ ಇದ್ದೇ ಇತ್ತು. ಹೇಳಿರಲಿಲ್ಲ.

ತಾತ ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಕುತ್ತಿಗೆಯವರೆಗೆ ಗುಂಡಿಯಿರುವ ಕಪ್ಪು ಕೋಟು ಇನ್ನೂ ಇತ್ತು. ಪ್ರತಿದಿನ ಒಂಬತ್ತು ಗಂಟೆಗೆ ಪಂಚೆಯ ಮೇಲೆ ಆ ಕೋಟು ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿ ಹೊರಡುತ್ತಿದ್ದರು. ಐದು ನಿಮಿಷವೂ ಆಗುತ್ತಿರಲಿಲ್ಲ, ವಾಪಸು ಬರುತ್ತಿದ್ದರು. ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಬೆಂಚಿನ ಮೇಲೆ ಕೂತು ನೀರು ಕೇಳುತ್ತಿದ್ದರು. ಎದುರಿನಿಂದ ‘ಎಲ್ಗೆ ಒಂಟ್ರಿ ದೊಡ್ಡಯ್ನೋರೆ?’ ಎಂದದ್ದು ನಮಗೆಲ್ಲ ಕೇಳಿಸಿರುತ್ತಿತ್ತು. ಅದಕ್ಕೆ ತಾತ ಏನೋ ಹೇಳಿದ್ದು, ಆಕೆ ಮತ್ತೇನೋ ಅಂದದ್ದು ಗೊಣಗಿದ ಹಾಗೆ ಕೇಳಿಸುತ್ತಿತ್ತು, ಪದಗಳು ತಿಳಿಯುತ್ತಿರಲಿಲ್ಲ. ತಿಳಿಯಲು ನಾವು ಕಿವಿ ಕೊಟ್ಟವರೂ ಅಲ್ಲ. ಕೇಳಿದ್ದರಿಂದ ಅಪಶಕುನವಾಗಿ ಹಿಂದಕ್ಕೆ ಬಂದರು, ವಯಸ್ಸಾದವರಿಗೆ ಇನ್ನೊಂದು ಸಲ ಹೊರಡುವ ಉತ್ಸಾಹ ಉಳಿಯಲಿಲ್ಲ, ಅಷ್ಟೇ ಎಂದುಕೊಂಡಿದ್ದೆವು. ನೀರು ಕುಡಿಯುತ್ತಿದ್ದರಲ್ಲ, ಪದ್ಧತಿಯ ಪ್ರಕಾರವೇ ಇತ್ತು.

“ಆ ಯಮ್ಮನ ದೆಸೆಯಿಂದ ಅಪ್ಪಯ್ಯನಿಗೆ ಒಂದು ವಾಕಿಂಗೂ ಇಲ್ದಂಗಾಯ್ತು,” ಎಂದು ಅಪ್ಪ ನಮ್ಮೆಲ್ಲರ ಎದುರಿಗೆ ಎಷ್ಟೋ ಸಲ ಹೇಳಿದ್ದರು.

ತಾತ ಗಂಟೆಗೆ ಎರಡು ಸಲ ನಾನು ಎಷ್ಟನೇ ಕ್ಲಾಸು ಎಂದು ಕೇಳುತ್ತಿದ್ದರು. ಒಂದು ದಿನ ಅವರ ಕನ್ನಡಕ ಅಕ್ಕಿಯ ಡಬ್ಬಿಯಲ್ಲಿ ಸಿಕ್ಕಿತು. ಅಮ್ಮನನ್ನು ತಮ್ಮ ತಂಗಿಯ ಹೆಸರಿನಿಂದ ಕರೆದು, ಅವಳು ಸತ್ತು ಎಷ್ಟೋ ವರ್ಷವಾಗಿದೆ ಎಂದು ಅಮ್ಮ ನೆನಪಿಸಿದಾಗ ಆಗಷ್ಟೇ ಸುದ್ದಿ ಕೇಳಿದವರ ಹಾಗೆ ಅತ್ತರು. ವಯಸ್ಸಾಯ್ತಲ್ಲ ಎಂದು ಅಪ್ಪ ಹೇಳಿದರು. ಅಮ್ಮನೂ ಹೇಳಿದಳು. ಕನ್ನಡಕವನ್ನು ಒರೆಸಿ ಕೊಡುವಾಗ ನಾನೂ ಹೇಳಿದೆ. ಊರಿನವರ ಮಾತನ್ನೆಲ್ಲ ಜರಡಿ ಹಿಡಿಯುತ್ತಿದ್ದ ನಾವು ಈ ಮಾತನ್ನು ಹಿಡಿಯಲಿಲ್ಲ.

ಒಂದು ಶನಿವಾರ ಜಯಲಕ್ಷ್ಮಿಪುರದ ಒಂದು ಶಾಲೆಯಲ್ಲಿ ಪದ್ಯದ ಕಂಠಪಾಠ ಸ್ಪರ್ಧೆ ಇತ್ತು. ನಮ್ಮ ಶಾಲೆಯಿಂದ ಒಬ್ಬಳನ್ನೇ ಆರಿಸಿದ್ದರು, ಅದು ನಾನು. ನನಗೆ ಹನ್ನೆರಡು ವರ್ಷ. ಎರಡು ಜಡೆ ಹಾಕಿಸಿಕೊಂಡು, ಇಸ್ತ್ರಿ ಮಾಡಿದ ಲಂಗ ಉಟ್ಟು ಅಪ್ಪನ ಜೊತೆ ಗೇಟು ದಾಟಿದೆ. ‘ಎಲ್ಗೆ ಒಂಟ್ರಿ ಕೂಸು? ಮದ್ವೆ ಎಣ್ಣಿನಂಗೆ ಕಾಣ್ತೀಯ’ ಎಂದು ಎದುರಿನಿಂದ ಬಂತು. ಹಿಂದಕ್ಕೆ ಹೋಗಿ ಕೂತು ನೀರು ಕುಡಿದರೆ ಬಸ್ಸು ಖಂಡಿತ ತಪ್ಪುತ್ತಿತ್ತು. ಅಪ್ಪ ಗಡಿಯಾರ ನೋಡಿ, ಪರವಾಗಿಲ್ಲ ನಡಿ ಎಂದರು. ಅವರು ಪದ್ಧತಿ ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ವೇದಿಕೆಯ ಮೇಲೆ ಎರಡು ಪದ್ಯ ಸರಿಯಾಗಿ ಹೇಳಿದೆ. ಮೂರನೆಯದರ ಮೊದಲ ಪದ ಬರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಟೀಚರೊಬ್ಬರು ತುಟಿ ಅಲ್ಲಾಡಿಸಿ ಹೇಳಿಕೊಟ್ಟರೂ ಬರಲಿಲ್ಲ. ವಾಪಸು ಬರುವಾಗ ನಮ್ಮ ಬೀದಿಯ ತಿರುವಿನಲ್ಲಿ ಅಪ್ಪ, ತಮ್ಮಷ್ಟಕ್ಕೆ ಹೇಳಿಕೊಂಡ ಹಾಗೆ, ಬೆಳಿಗ್ಗೆಯೇ ಅಂದುಕೊಂಡೆ ಎಂದರು.

ಅವರು ಗೇಟಿನ ಒಳಗೆ ಹೋದರು. ನಾನು ಹನ್ನೊಂದು ಹೆಜ್ಜೆ ನಡೆದು ಎದುರುಮನೆಯ ಮೆಟ್ಟಿಲ ಹತ್ತಿರ ನಿಂತೆ. ಚಿಕ್ಕತಾಯಮ್ಮ ಮೊರದಲ್ಲಿ ಹುರುಳಿ ಕೇರುತ್ತಿದ್ದರು. ಅಲ್ಲಿ ಆಡಿದ ಮಾತುಗಳನ್ನು ಆಡಿದ ಕ್ರಮದಲ್ಲೇ ಬರೆಯುತ್ತೇನೆ.

“ನಮ್ಮನೇಲಿ ಹೊರಟೋರನ್ನ ಎಲ್ಲಿಗೆ ಅಂತ ಕೇಳ್ಬಾರ್ದು. ಕೇಳಿದ್ರೆ ಕೆಲಸ ಕೆಡತ್ತೆ. ನಿಮ್ಮಿಂದ ನಂಗೆ ಇವತ್ತು ಬಹುಮಾನ ತಪ್ಪೋಯ್ತು.”

ಆಕೆ ಮೊರ ಕೆಳಗಿಟ್ಟರು.

“ಅಂಗಾ ಕೂಸು? ನಂಗೆ ತಿಳೀನಿಲ್ಲ ಕಣವ್ವ. ನಮ್ಮೂರಲ್ಲಿ ಕೇಳ್ದಿದ್ರೇ ಬೇಜಾರ್ ಮಾಡ್ಕತಾರೆ, ಮಾತಾಡ್ಸ್ನಿಲ್ಲ ಅಂತ. ಇನ್ಮ್ಯಾಕೆ ಕೇಳಕಿಲ್ಲ ಬುಡು.”

ನಾನು ತಿರುಗಿದೆ. ಆಕೆ ಮತ್ತೆ ಕರೆದರು.

“ದೊಡ್ಡಯ್ನೋರ್ನೂ ಕೇಳ್ಬಾರ್ದಾ?”

“ಯಾರನ್ನೂ ಕೇಳ್ಬಾರ್ದು. ತಾತಂಗೆ ನಿಮ್ಮಿಂದ ಒಂದು ವಾಕಿಂಗೂ ಇಲ್ಲ.”

“ಅದಂಗಲ್ಲ ಕೂಸು, ಅವ್ರು...”

“ಕೇಳ್ಬೇಡಿ ಅಂದ್ರೆ ಕೇಳ್ಬೇಡಿ ಅಷ್ಟೆ.”

ಹೇಳುವಾಗ ನನ್ನ ದನಿ ಅಪ್ಪನದಾಗಿತ್ತು. ಅಪ್ಪನನ್ನು ಅನುಕರಿಸುವುದೂ ನನಗೆ ಚೆನ್ನಾಗಿ ಬರುತ್ತಿತ್ತು. ಆಕೆ ನನ್ನ ತಲೆಯ ಮೇಲಿಂದ ನಮ್ಮ ಮನೆಯ ಕಡೆ ಒಂದು ಸಲ ನೋಡಿ, ಆಯ್ತು ಎಂಬಂತೆ ಕತ್ತು ಅಲ್ಲಾಡಿಸಿ ಮೊರ ಎತ್ತಿಕೊಂಡರು.

ಮಾರನೆಯ ದಿನ ಭಾನುವಾರ. ಅಮ್ಮ ನನ್ನ ತಲೆಗೆ ಹರಳೆಣ್ಣೆ ಒತ್ತಿ, ನೀರು ಕಾಯುವವರೆಗೆ ಪಡಸಾಲೆಯಲ್ಲಿ ಕೂರಿಸಿದ್ದಳು. ಅಪ್ಪ ಜಗುಲಿಯ ಮೆಟ್ಟಿಲ ಮೇಲೆ ಪೇಪರು ಓದುತ್ತಿದ್ದರು. ಒಂಬತ್ತಕ್ಕೆ ತಾತ ಕೋಟು ತೊಟ್ಟು ನನ್ನ ಮುಂದೆ ಹಾದು ಹೋದರು. ಮೂರನೆಯ ಗುಂಡಿಯನ್ನು ಎರಡನೆಯ ಕಾಜಕ್ಕೆ ಹಾಕಿಕೊಂಡಿದ್ದರು. ಅಪ್ಪ ಪೇಪರಿನಿಂದ ತಲೆ ಎತ್ತಿ, ಕಾಲು ಮಡಚಿ ದಾರಿ ಬಿಟ್ಟರು. ಯಾರೂ ಏನೂ ಕೇಳಲಿಲ್ಲ. ಗೇಟಿನ ಚಿಲಕದ ಸದ್ದು ಬಂತು. ಆಮೇಲೆ ಬರಬೇಕಾಗಿದ್ದ ಮಾತಿಗಾಗಿ ನಾನು ಕಿವಿಗೊಟ್ಟು ಕೂತೆ. ಬರಲಿಲ್ಲ. ಕಿಟಕಿಯಿಂದ ನೋಡಿದರೆ ಚಿಕ್ಕತಾಯಮ್ಮ ಮೆಟ್ಟಿಲ ಮೇಲೆ ಇದ್ದರು. ಎದ್ದು ನಿಂತಿದ್ದರು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದರು. ಅವರ ಮುಖ ತಾತ ಹೋದ ಕಡೆಗೆ ಇತ್ತು, ಆಮೇಲೆ ನಮ್ಮ ಮನೆಯ ಕಡೆಗೆ ತಿರುಗಿತು. ನನಗೆ ಸಂತೋಷವಾಯಿತು. ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡದೆ ಬರೆಯಬೇಕು: ನನಗೆ ಸಂತೋಷವಾಯಿತು.

ಮುಕ್ಕಾಲು ಗಂಟೆಯ ಮೇಲೆ ಗೇಟಿನ ಹತ್ತಿರ ಆಕೆಯ ದನಿ ಕೇಳಿಸಿತು. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರಿಗೂ ತಾತನ ನೆನಪಾಗಿರಲಿಲ್ಲ.

“ಅಮ್ಮಾವ್ರೆ, ದೊಡ್ಡಯ್ನೋರು ಇನ್ನೂ ಬರ್ನಿಲ್ವಲ್ಲ?”

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಚಿಕ್ಕತಾಯಮ್ಮನ ಗಂಡ ಆ ದಿನ ರಜದಲ್ಲಿದ್ದವರು ಸೈಕಲ್ ತೆಗೆದರು. ಅರಮನೆ ಉತ್ತರಕ್ಕೆ ಇರುವುದರಿಂದ ಅಪ್ಪ ಉತ್ತರಕ್ಕೆ ಹುಡುಕಿದರು. ನಮ್ಮ ಅಗ್ರಹಾರದಿಂದ ಅರಮನೆಯ ಬಾಗಿಲುಗಳವರೆಗೆ ಎರಡು ಸಲ ನಡೆದರು. ಮಧ್ಯಾಹ್ನ ಪೊಲೀಸ್ ಠಾಣೆಗೆ ಹೋದಾಗ ನನ್ನನ್ನೂ ಕರೆದುಕೊಂಡು ಹೋದರು, ತಾತ ತೊಟ್ಟದ್ದನ್ನು ಚೆನ್ನಾಗಿ ಗಮನಿಸಿದವಳು ನಾನೆಂದು. ನನ್ನ ತಲೆಯಲ್ಲಿ ಇನ್ನೂ ಎಣ್ಣೆ ಇತ್ತು. ಬಟ್ಟೆ ಏನು, ಎತ್ತರ ಎಷ್ಟು ಎಂದೆಲ್ಲ ಬರೆದುಕೊಂಡ ಮೇಲೆ ಅಲ್ಲಿದ್ದವರು ಕೇಳಿದರು:

“ಎಲ್ಲಿಗೆ ಹೋಗ್ತೀನಿ ಅಂತ ಏನಾದ್ರೂ ಹೇಳಿದ್ರಾ?”

“ಇಲ್ಲ.”

“ನೀವ್ಯಾರೂ ಕೇಳ್ಲಿಲ್ವಾ ಸಾರ್?”

“ನಮ್ಮಲ್ಲಿ ಕೇಳೋ ಪದ್ಧತಿ ಇಲ್ಲ,” ಎಂದರು ಅಪ್ಪ.

ಅವರು ಒಂದು ಕ್ಷಣ ಅಪ್ಪನ ಮುಖ ನೋಡಿ, ಏನೋ ಬರೆದುಕೊಂಡರು.

ಸಂಜೆ ಹೊತ್ತಿಗೆ ನಮ್ಮ ಗೇಟಿನ ಮುಂದೆ ನಾಲ್ಕೈದು ಮನೆಯವರು ಸೇರಿದ್ದರು. ಅಪ್ಪ ಬರಿಗೈಯಲ್ಲಿ ವಾಪಸು ಬಂದು, ಜನರ ನಡುವೆ ನಿಂತಿದ್ದ ಚಿಕ್ಕತಾಯಮ್ಮನ ಎದುರಿಗೆ ಹೋಗಿ ನಿಂತರು. ಬೀದಿಯಲ್ಲಿ ಹೆಂಗಸರ ಜೊತೆ ಮಾತಾಡದಿದ್ದವರು ಅಂದು ಮಾತಾಡಿದರು. ರತ್ನ ತಾಯಿಯ ಸೀರೆ ಹಿಡಿದು ನಿಂತಿದ್ದಳು.

“ಹೋಗೋರನ್ನ ಬರೋರನ್ನ ಎಲ್ಲರನ್ನೂ ಕೇಳ್ತೀರಲ್ಲ, ನಾಯಿ ಹೋದ್ರೂ ಕೇಳ್ತೀರಲ್ಲ! ಮುದುಕರು ಒಬ್ಬರೇ ಹೋಗ್ತಿದಾರೆ, ಇವತ್ತೊಂದು ದಿನ ಕೇಳಕ್ಕೆ ನಿಮಗೇನಾಗಿತ್ರೀ? ಬಾಯಿ ಬಿದ್ದೋಗಿತ್ತಾ?”

ಆಕೆ ನನ್ನ ಕಡೆ ನೋಡಿದರು. ಎಷ್ಟು ಹೊತ್ತು ಎಂದು ಅಳೆಯಲು ಆಗುವುದಿಲ್ಲ. ನಾನು ಗೇಟಿನ ಕಂಬಿ ಹಿಡಿದುಕೊಂಡಿದ್ದೆ. ಆ ನೋಟದಲ್ಲಿ ಸಿಟ್ಟಿತ್ತೆಂದು ಹೇಳಲಾರೆ, ಇರಲಿಲ್ಲವೆಂದೂ ಹೇಳಲಾರೆ. ಆಮೇಲೆ ಅಪ್ಪನಿಗೆ ಹೇಳಿದರು:

“ಗ್ಯಾನ ಇರ್ನಿಲ್ಲ ಮೇಷ್ಟ್ರೆ. ತೆಪ್ಪಾಯ್ತು.”

ನಾನು ಏನೂ ಹೇಳಲಿಲ್ಲ. ಅಮ್ಮ ನನ್ನನ್ನು ಒಳಗೆ ಕರೆದು ತಲೆಗೆ ನೀರು ಹಾಕಿದಳು. ಸೀಗೆಕಾಯಿ ಕಣ್ಣಿಗೆ ಹೋಯಿತು. ಅದರಿಂದ ಅಳುತ್ತಿದ್ದೇನೆಂದು ಅವಳು ತಿಳಿದಳು. ನಾನು ಅಳುತ್ತಿದ್ದದ್ದೂ ಅದಕ್ಕೇ ಇರಬಹುದು.

ತಾತ ಹೋದದ್ದು ದಕ್ಷಿಣಕ್ಕೆ. ಸೋಮವಾರ ಮಧ್ಯಾಹ್ನ ನಂಜನಗೂಡು ರಸ್ತೆಯಲ್ಲಿ, ಊರು ದಾಟಿ ಎಷ್ಟೋ ದೂರದ ಒಂದು ಮೋರಿಯ ಕಟ್ಟೆಯ ಮೇಲೆ ಅವರನ್ನು ಕಂಡು ಕರೆತಂದವರು ಚಿಕ್ಕತಾಯಮ್ಮನ ಗಂಡ. ಆ ದಿನ ಅವರು ಕೆಲಸಕ್ಕೆ ಹೋಗಿರಲಿಲ್ಲ. ತಾತನ ಚಪ್ಪಲಿ ಇರಲಿಲ್ಲ, ಕೋಟು ಇತ್ತು, ಪೆನ್ನೂ ಇತ್ತು. ರಾತ್ರಿಯೆಲ್ಲ ಬಯಲಿನ ಥಂಡಿಯಲ್ಲಿದ್ದು ಎದೆ ಕಟ್ಟಿತ್ತು. ಆಸ್ಪತ್ರೆಯಲ್ಲಿ ಮೂರು ದಿನ ಇದ್ದು ಗುರುವಾರ ಬೆಳಿಗ್ಗೆ ತೀರಿಕೊಂಡರು. ಬಂದವರೆಲ್ಲ ಬರುವವರು ಆಡುವ ಮಾತುಗಳನ್ನೇ ಆಡಿದರು. ತುಂಬು ಬಾಳು ಬಾಳಿದರು, ನಮ್ಮ ಕೈಲೇನಿದೆ, ಅವರಿಗಿದ್ದ ಆಯಸ್ಸು ಅಷ್ಟೆ. ಅಪ್ಪನ ಜೊತೆಯ ಮೇಷ್ಟ್ರು ‘ಹುಟ್ಟಿದೋನು ಹೋಗ್ಲೇಬೇಕು, ಅರ್ಥವಾಯ್ತಲ್ಲ?’ ಎಂದರು. ತಾತನನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ಕಂಬದ ಹಿಂದೆ ನಿಂತಿದ್ದ ನನಗೆ ಆ ಮಾತು ಎಂದಿನ ಹಾಗೆಯೇ ರೇಗಿಸಿತು. ನನ್ನ ಕಿವಿ ತನ್ನ ಕೆಲಸ ನಿಲ್ಲಿಸಿರಲಿಲ್ಲ. ಅದನ್ನು ಗಮನಿಸಿದೆ, ಅಷ್ಟೆ. ಬೇರೆ ಏನೂ ಆಗಲಿಲ್ಲ. ಮುಂದೆ ಬಹಳ ದಿನಗಳವರೆಗೂ ಏನೂ ಆಗಲಿಲ್ಲ. ಊಟ ಮಾಡುತ್ತಿದ್ದೆ, ಶಾಲೆಗೆ ಹೋಗುತ್ತಿದ್ದೆ, ಪರೀಕ್ಷೆಯಲ್ಲಿ ಮೊದಲಿನಷ್ಟೇ ನಂಬರು ಬಂತು.

ಹದಿಮೂರನೆಯ ದಿನದ ಊಟ ಮುಗಿದು ಮನೆ ನಾಲ್ಕು ಮಣೆಯ ಬದಲು ಮೂರು ಮಣೆಯದ್ದಾದ ಮೇಲೆ, ಒಂದು ಸಂಜೆ ಅಮ್ಮ ಅನ್ನ ಬಡಿಸುತ್ತಾ ಹೇಳಿದಳು. ನಲ್ಲಿಯ ಹತ್ತಿರ ಚಿಕ್ಕತಾಯಮ್ಮ ಸಿಕ್ಕಿದ್ದರಂತೆ.

“ದಿನಾ ಎಲ್ಲಿಗೆ ಅಂದ್ರೆ, ಕಚೇರಿಗೆ ಅಂತಿದ್ರಂತೆ ಮಾವನೋರು. ಇವರು, ಇವತ್ತು ಭಾನುವಾರ ಅಲ್ವಾ ಅಯ್ನೋರೆ, ರಜ ಅಲ್ವಾ, ಅನ್ನೋರಂತೆ. ಹೌದಲ್ಲ, ಮರ್ತೇಬಿಟ್ಟಿದ್ದೆ, ಅಂತ ವಾಪಸ್ ಬರ್ತಿದ್ರಂತೆ. ವರ್ಷದಿಂದ ಹೀಗೇ ನಡೆದಿದೆ. ನಮಗೆ ಹೇಳಿದ್ರೆ ನೊಂದ್ಕೋತೀವಿ ಅಂತ ಹೇಳ್ಲಿಲ್ವಂತೆ.”

ಅಪ್ಪನ ಕೈ ತಟ್ಟೆಯಲ್ಲಿ ನಿಂತಿತು.

“ಅವತ್ತು ಮಾತ್ರ ಗ್ಯಾನ ತಪ್ಪಿತು ಅಂತ ಅತ್ತರು ಪಾಪ. ನೀವು ಹಾಗೆ ಅನ್ನಬಾರದಿತ್ತು,” ಎಂದಳು ಅಮ್ಮ.

“ಇರಬಹುದು,” ಎಂದರು ಅಪ್ಪ. ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದರು.

ಪ್ರತಿದಿನವೂ ಆ ಹೆಂಗಸು ತಾತನಿಗಾಗಿ ಒಂದು ಭಾನುವಾರ ಮಾಡಿ ಕೊಡುತ್ತಿದ್ದರು. ತಾತ ಹೊರಟುಹೋದದ್ದು ನಿಜವಾದ ಭಾನುವಾರ. ನಾನು ಹೇಳಬೇಕಾಗಿದ್ದ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ಅಮ್ಮ ನನ್ನ ತಟ್ಟೆಗೆ ಉಪ್ಪಿನಕಾಯಿ ಹಾಕಿದಳು, ನಾನು ಅನ್ನ ಕಲಸಿಕೊಂಡೆ. ಅಂದಿನಿಂದ ಅಪ್ಪ ಇವತ್ತು ಯಾರು ಬಂದಿದ್ದರು ಎಂದು ಕೇಳಲಿಲ್ಲ, ನಾನು ಯಾರ ಹಾಗೂ ಮಾತಾಡಲಿಲ್ಲ. ಚಿಕ್ಕತಾಯಮ್ಮ ಮೆಟ್ಟಿಲ ಮೇಲೆ ಕೂರುವುದನ್ನು ಬಿಟ್ಟರು. ಬೀದಿಯಲ್ಲಿ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಅಪ್ಪನಿಗೆ ಬಸ್ಸು ತಪ್ಪುತ್ತಿರಲಿಲ್ಲ. ಎರಡು ವರ್ಷದ ಮೇಲೆ ಎದುರುಮನೆಯವರು ಮನೆ ಖಾಲಿ ಮಾಡಿಕೊಂಡು ಬನ್ನಿಮಂಟಪಕ್ಕೆ ಹೋದರು. ಸಾಮಾನು ಗಾಡಿಗೆ ಏರಿಸುವಾಗ ಅಮ್ಮ ಹೋಗಿ ಅರಿಶಿನ ಕುಂಕುಮ ಕೊಟ್ಟು ಬಂದಳು. ಅಪ್ಪ ಒಳಗೆ ಉತ್ತರಪತ್ರಿಕೆ ತಿದ್ದುತ್ತಿದ್ದರು. ನಾನು ಕಿಟಕಿಯಲ್ಲಿದ್ದೆ.

ಮುಂದೆ ನನಗೆ ಸಿಕ್ಕ ಕೆಲಸ ನ್ಯಾಯಾಲಯದಲ್ಲಿ ಬೆರಳಚ್ಚಿನದು. ಸಾಕ್ಷಿಗಳು ಹೇಳಿದ್ದನ್ನು ಹೇಳಿದ ಹಾಗೆ ಟೈಪು ಮಾಡಿಕೊಳ್ಳುವುದು. ‘ಅದೇನಾಯ್ತು ಅಂದ್ರೆ’ ಎಂದು ಶುರು ಮಾಡುವವರು, ‘ದೇವರಾಣೆಗೂ’ ಎಂದು ಮುಗಿಸುವವರು ಮೂವತ್ತು ವರ್ಷ ನನ್ನ ಮುಂದೆ ನ್ಯಾಯಾಧೀಶರಿಗೆ ಕೈಮುಗಿದು ನಿಂತರು. ಕಿರಿಕಿರಿ ಹೋಗಲಿಲ್ಲ. ಅದನ್ನು ಮುಖದ ಮೇಲೆ ಬಾರದ ಹಾಗೆ ಇಟ್ಟುಕೊಳ್ಳುವುದನ್ನು ಕಲಿತೆ. ಅಮ್ಮ ಹೋದ ಮೇಲೆ ಅಪ್ಪ ಜಯಲಕ್ಷ್ಮಿಪುರದ ನನ್ನ ಮನೆಗೆ ಬಂದರು. ಮೂರು ವರ್ಷದ ಹಿಂದೆ, ಅವರಿಗೆ ಎಂಬತ್ತೈದು ತುಂಬಿದ ಮೇಲೆ, ನಮ್ಮ ಹಳೆಯ ಬೀದಿಯವರೊಬ್ಬರು ಫೋನು ಮಾಡಿದರು. ಅಪ್ಪ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು.

“ಚಿಕ್ಕತಾಯಮ್ಮ ಹೋದ್ರಂತೆ ಅಪ್ಪ. ಮೊನ್ನೆ. ಬನ್ನಿಮಂಟಪದಲ್ಲಿ ರತ್ನನ ಜೊತೆ ಇದ್ರಂತೆ.”

ನಾನು ನಿಂತೇ ಇದ್ದೆ. ಆಮೇಲೆ ಹೇಳಿದೆ.

“ತಾತನ್ನ ಕೇಳ್ಬೇಡಿ ಅಂತ ಅವರಿಗೆ ಹೇಳಿದ್ದು ನಾನು. ಹಿಂದಿನ ದಿನ.”

“ಗೊತ್ತು.”

“ಅವರು ಹೇಳಿದ್ರಾ?”

“ಅವರ್ಯಾಕೆ ಹೇಳ್ತಾರೆ? ನಾನು ಜಗುಲೀಲಿ ಕಾಲು ತೊಳೀತಿದ್ದೆ. ಕೇಳಿಸ್ತು. ಪರವಾಗಿಲ್ಲ, ಚೆನ್ನಾಗಿ ಹೇಳಿದ್ಲು ಅಂದ್ಕೊಂಡೆ.”

“ಗೊತ್ತಿದ್ದೂ ಅವರನ್ನ ಬೈದ್ರಿ.”

“ಬೈದೆ. ಬೀದೀಲಿ ಅಷ್ಟು ಜನ ಇದ್ರು. ನಿನ್ನ ಬೈಯಕ್ಕಾಗ್ತಿತ್ತಾ? ನನ್ನ ನಾನೇ ಬೈಕೊಳಕ್ಕಾಗ್ತಿತ್ತಾ? ಆ ಯಮ್ಮ ಎದುರಿಗೆ ನಿಂತಿದ್ರು.”

ಮಾತು ಸ್ಪಷ್ಟವಾಗಿತ್ತು. ಲೆಕ್ಕ ಬಿಡಿಸಿ ತೋರಿಸುವಾಗಿನ ದನಿ ಅದು. ಅಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು, ಇನ್ನೊಬ್ಬರಿಗೆ ಗೊತ್ತಿಲ್ಲವೆಂದು ನಾವಿಬ್ಬರೂ ಸುಮ್ಮನಿದ್ದೆವು. ಇಬ್ಬರಲ್ಲಿ ಒಬ್ಬರು ಬನ್ನಿಮಂಟಪಕ್ಕೆ ಹೋಗಿದ್ದರೂ ಯಾಕೆಂದು ಇನ್ನೊಬ್ಬರಿಗೆ ತಿಳಿದುಬಿಡುತ್ತಿತ್ತು, ಅದಕ್ಕೇ ಇಬ್ಬರೂ ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಶರ್ಟು ಕೊಡು ಎಂದರು. ಆಟೋ ಕರೆಸಿದೆ.

ರತ್ನನ ಮನೆಯ ಮುಂದೆ ಹಾಕಿದ್ದ ಶಾಮಿಯಾನವನ್ನು ಬಿಚ್ಚುತ್ತಿದ್ದರು. ಅವಳಿಗೂ ತಲೆ ನರೆತಿತ್ತು. ಅಪ್ಪನನ್ನು ಕೂಡಲೇ ಗುರುತಿಸಿದಳು. ಕುರ್ಚಿ ಹಾಕಿದಳು, ತಾನು ನಿಂತೇ ಇದ್ದಳು.

“ನಮ್ಮವ್ವ ಕಡೇವರ್ಗೂ ನಿಮ್ ಸುದ್ದಿ ಆಡ್ತಿತ್ತು ಮೇಷ್ಟ್ರೆ. ‘ಆ ಮುದ್ಕಪ್ಪನ್ನ ನಾನೇ ಕಳೆದ್ಬುಟ್ಟೆ ಕಣವ್ವ, ಒಂದ್ ಮಾತ್ ಕೇಳ್ನಿಲ್ಲ’ ಅಂತಿತ್ತು. ಯಾಕ್ ಕೇಳ್ನಿಲ್ಲ ಅಂದ್ರೆ ಹೇಳ್ತಿರ್ನಿಲ್ಲ. ನೀವು ಅವತ್ತು ಬೈದ್ಮೇಲೆ ನಂಗೂ ಅಂಗೇ ಅನ್ಸ್ಬುಡ್ತು. ಮಾತ್ಮಾತ್ಗೂ ಅಂದ್ಬುಡ್ತಿದ್ದೆ, ನಿನ್ನಿಂದ್ಲೇ ಅಲ್ವಾ ನಾವು ಆ ಬೀದಿ ಬುಟ್ಟಿದ್ದು ಅಂತ.”

ಅಪ್ಪ ಬಾಯಿ ತೆರೆದರು. ನನ್ನ ಕಡೆ ತಿರುಗಿ, ನೀನು ಹೇಳು ಎಂದರು. ನಾನು ಶನಿವಾರದಿಂದ ಶುರು ಮಾಡಿ ಹೇಳಿದೆ. ಆಕೆ ಏನು ಕೇಳಿದರು, ನಾನು ಏನು ಹೇಳಿದೆ, ಅಪ್ಪ ಎಲ್ಲಿದ್ದರು ಎಲ್ಲವನ್ನೂ, ಯಾರ ದನಿಯನ್ನೂ ತರದೆ, ನನ್ನ ದನಿಯಲ್ಲೇ ಹೇಳಿದೆ. ರತ್ನ ಮಧ್ಯದಲ್ಲಿ ಒಂದು ಸಲ ಗೋಡೆಗೆ ಒರಗಿಕೊಂಡಳು. ಹೊರಗೆ ಶಾಮಿಯಾನದ ಕಂಬಗಳನ್ನು ಗಾಡಿಗೆ ಎಸೆಯುವ ಸದ್ದು ಬರುತ್ತಿತ್ತು.

“ಇದ್ನ ನಂಗ್ಯಾಕೆ ಹೇಳ್ತಿದ್ದೀರಿ?” ಎಂದಳು. “ಸೋಮ್ವಾರದವರ್ಗೂ ಅವ್ವ ಇತ್ತು. ಚೆಂದಾಗಿ ಕಿವಿ ಕೇಳ್ತಿತ್ತು.”

ಅಪ್ಪ ಎದ್ದು ನಿಂತು ಅವಳಿಗೆ ಕೈಮುಗಿದರು. ಅವಳು ಬೇಡ ಎನ್ನಲಿಲ್ಲ.